ಮೂರನೆಯ ಎಲೆ

ಟಕ್, ಟಕ್ — ಬೆನ್ನ ಹಿಂದೆ ಕೊಡೆಯ ತುದಿ ಒದ್ದೆ ಫುಟ್‌ಪಾತಿಗೆ ಬಡಿಯುವ ಸದ್ದು, ಇವರದೇ, ಕೊಡೆಯನ್ನು ಹೀಗೆ ದೊಣ್ಣೆಯ ಹಾಗೆ ಊರುವವರು ಗಂಡ ಸದಾನಂದರಲ್ಲದೆ ಬೇರೆ ಯಾರು, ರಾಜೀವಿ ತಿರುಗಿ ನೋಡಲಿಲ್ಲ, ನೋಡಿದರೆ ಮಳೆ ಬರ್ತದೆ ರಾಜೀ ಮನೆಗೆ ಹೋಗುವ ಅನ್ನುತ್ತಾರೆ, ಬೆಳಿಗ್ಗೆಯಿಂದ ಅದೇ ರಾಗ, ಅಲ್ಲ, ಮಳೆಗೆ ಹೆದರುವ ಮನುಷ್ಯ ಬಂದದ್ದಾದರೂ ಯಾಕೆ, ಕನ್ನಡ ಸಂಘದ ನಾಟಕಕ್ಕೆ ಬನ್ನಿ ಎಂದರೆ ಮಂಡಿನೋವು, ಯಕ್ಷಗಾನಕ್ಕೆ ಬನ್ನಿ ಎಂದರೆ ನಿದ್ದೆ, ಇವತ್ತು ಮಾತ್ರ, ದೊಡ್ಡ ಕಾದಂಬರಿಕಾರ ರಘುವೀರ ಕೋಡಿಯವರ ಊರು ನೋಡುವ ನಡಿಗೆ ಎಂದು ಸಂಘದವರು ವಾಟ್ಸಾಪಿನಲ್ಲಿ ಹಾಕಿ, ನಾನು ಹೋಗ್ತೇನೆ ಎಂದು ಅವಳು ಬಾಯಿ ತೆರೆದದ್ದೇ ತಡ, ನಾನೂ ಬರ್ತೇನೆ, ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗುಂಟು ಇವರ ಕಥೆ, ಆದರೆ ಕದ್ದ ಕುಂಬಳಕಾಯಿ ಯಾವುದೆಂದೇ ಗೊತ್ತಾಗುವುದಿಲ್ಲವಲ್ಲ. ರಾಜೀವಿಯ ಕೈಯಲ್ಲಿ ಬಟ್ಟೆಚೀಲ, ಅದರಿಂದ ಸುರುಳಿ ಸುತ್ತಿದ ಬಾಳೆಎಲೆಯ ತುದಿ ಹೊರಗೆ ಇಣುಕುತ್ತಿದೆ, ಬರುವಾಗ ಮಾಟುಂಗಾ ಮಾರ್ಕೆಟಿನಲ್ಲಿ ಕೊಂಡದ್ದು, ಇವತ್ತು ಸಂಜೆ ಮನೆಯಲ್ಲಿ ಸತ್ತವರಿಗೆ ಬಡಿಸುವುದುಂಟು, ಆಟಿ ತಿಂಗಳಲ್ಲವ, ಊರು ಬಿಟ್ಟರೂ ಆಟಿ ಬಿಡುತ್ತದೆಯೆ, ಒಳಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಕೋಳಿಸಾರು ರೊಟ್ಟಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂತು, ಅವರು ಉಂಡಾಯಿತು ಎನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು, ಅಪ್ಪನಿಗೊಂದು ಎಲೆ, ಅಮ್ಮನಿಗೊಂದು, ವಾರಿಜನಿಗೆ — ಅಲ್ಲೇ ಪ್ರತಿ ವರ್ಷದ ಜಗಳ. ತಂಗಿ ವಾರಿಜ, ಇಪ್ಪತ್ತರ ಹುಡುಗಿ, ಒಂದು ಮಧ್ಯಾಹ್ನ ಮನೆಯಿಂದ ಹೊರಟವಳು ಬರಲಿಲ್ಲ, ಮಾರನೆಯ ದಿನ ಶಿವಡಿಯಲ್ಲಿ ಸಮುದ್ರದ ಜೆಟ್ಟಿಯ ಕಲ್ಲಿನ ಮೇಲೆ ಅವಳ ಚಪ್ಪಲಿ ಸಿಕ್ಕಿತು, ಹೆಣ ಸಿಗಲಿಲ್ಲ, ಹೆಣ ಸಿಗದವರಿಗೆ ಬಡಿಸಬಾರದು ಎಂದು ಇವರ ಶಾಸ್ತ್ರ, ಯಾವ ಭಟ್ಟರು ಹೇಳಿಕೊಟ್ಟರೋ, ಅಮ್ಮ ಸೆರಗೊಡ್ಡಿ ಬೇಡಿದರೂ ಹಾಕಲಿಲ್ಲ, ಅಮ್ಮ ಹೋದ ಮೇಲೆ ರಾಜೀವಿ ಹಟಕ್ಕೆ ಬಿದ್ದು ಪ್ರತಿ ಆಟಿಗೂ ಮೂರು ಎಲೆ ತರುತ್ತಾಳೆ, ಇವರು ಎರಡು ಹಾಕುತ್ತಾರೆ, ಮೂರನೆಯದು ಫ್ರಿಜ್ಜಿನ ಮೇಲೆ ಬಾಡಿ ಮುದುಡಿ ಕಸಕ್ಕೆ ಹೋಗುತ್ತದೆ. ಇವತ್ತೂ ಎಲೆಯವನಿಗೆ ಮೂರು ಕೊಡು ಎಂದು ಬೇಕೆಂದೇ ದೊಡ್ಡದಾಗಿ ಹೇಳಿದಳು, ಮೂರು ಯಾಕೆ ಮಾರಾಯ್ತಿ ಎಂದಾರು ಎಂದು ಜಗಳಕ್ಕೆ ಸೊಂಟ ಕಟ್ಟಿ ನಿಂತಳು, ಇವರು ಚಕಾರ ಎತ್ತಲಿಲ್ಲ, ಚೀಲ ಭಾರವಾ, ಕೊಡು, ಅಂದರು. ಎಲಾ ಇವರ, ಎಂದುಕೊಂಡು ಚೀಲ ಕೊಡಲಿಲ್ಲ ಅವಳು.

ಮುಂದೆ ಶ್ರೇಯಾ ನಿಂತಳು, ಸಂಘದ ಕಾರ್ಯದರ್ಶಿಯ ಮಗಳು, ಜೀನ್ಸು, ಕೈಯಲ್ಲಿ ಕೋಡಿಯವರ ದಪ್ಪ ಕಾದಂಬರಿ, ಪುಟಪುಟಕ್ಕೂ ಬಣ್ಣದ ಚೀಟಿ, ಆಂಟಿ, ಅಂಕಲ್, ಸಬ್ ಲೋಗ್ ಇಧರ್, ಕೋಡಿ ಸರ್ ಊರು ಯಾವ್ದು ಅಂದ್ರೆ ಎಲ್ರೂ ಉಡುಪಿ ಹೇಳ್ತಾರೆ, ನೋ, ಅವ್ರು ಬೆಳೆದದ್ದು ಬರೆದದ್ದು ಇಲ್ಲೇ ನಮ್ಮ ಆಂಟಾಪ್ ಹಿಲ್, ಈ ಮೊಬೈಲ್ ಶಾಪ್ ಉಂಟಲ್ಲ, ಇಲ್ಲಿ ಪೆಹಲೆ ಒಂದು ಹೋಟೆಲ್ ಇತ್ತು. ಇತ್ತು ಮಗಳೇ ಇತ್ತು, ನನ್ನ ಅಪ್ಪನದೇ ಇತ್ತು, ರಾಜೀವಿ ಬಾಯಿಬಿಡಲಿಲ್ಲ, ಹೇಳಿದರೆ ಎಲ್ಲರೂ ಸುತ್ತ ನಿಂತು ಫೋಟೋ ತೆಗೆಯುತ್ತಾರೆ, ಈಗ ಗಾಜಿನ ಬಾಗಿಲು ಇರುವ ಕಡೆ ಆಗ ಹಣ ಎಣಿಸುವ ಗಲ್ಲೆ, ಗಲ್ಲೆಯಲ್ಲಿ ಇವರು, ಅಳಿಯನಾದ ಹೊಸತು, ಸಂದೀಪ ಅವಳ ಹೊಟ್ಟೆಯಲ್ಲಿ, ಆ ಮೂಲೆಯ ಮೇಜಿನಲ್ಲಿ ಕೋಡಿಯವರು, ಒಂದು ಚಾ ಇಟ್ಟುಕೊಂಡು ಮಧ್ಯಾಹ್ನದವರೆಗೂ ಬರೆಯುವುದು, ಮೇಜು ಏನು ಅವನ ಅಪ್ಪನ ಮನೆಯದಾ ಎಂದು ಅಪ್ಪ ಗುರುಗುಟ್ಟಿದರೆ, ಇರ್ಲಿ ಮಾವ, ಬರೆಯುವವರು, ಎಂದು ಇವರು ಇನ್ನೊಂದು ಚಾ ಕಳಿಸುವುದು, ಅಷ್ಟು ಪ್ರೀತಿ ಯಾಕೋ, ಏನು ಗುಟ್ಟೋ ಇಬ್ಬರದು. ಆ ಪುಸ್ತಕಕ್ಕೆ ಪ್ರಶಸ್ತಿ ಬಂದಾಗ ಸಂಘದ ಲೈಬ್ರರಿಯಿಂದ ತಂದಿದ್ದಳು, ಒಂದು ಪುಟ ತಿರುಗಿಸುವ ಮೊದಲೇ ಇವರು, ಬೇಡ ಮಾರಾಯ್ತಿ ಬರೀ ಬೋರು, ಎಂದು ವಾಪಸು ಕೊಟ್ಟು ಬಂದರು, ಬೋರೆಂದು ಗೊತ್ತಾದದ್ದು ಹೇಗೆ, ಓದಿದ್ದರೋ. ಶ್ರೇಯಾ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಾಳೆ, ಕಥಾನಾಯಕಿ ಸುಮಿತ್ರೆ, ಹೋಟೆಲಿನ ಧಣಿಯ ಕಿರಿಮಗಳು, ಅಡುಗೆಮನೆಯ ಹಿಂದಿನ ಮೆಟ್ಟಿಲು ಇಳಿದು ಹೊರಟಳು, ಎಡಗಾಲಿನ ಚಪ್ಪಲಿಯ ಬಾರಿಗೆ ಹಿಂದಿನ ಸಂಜೆಯಷ್ಟೇ ಅಕ್ಕ ಹಾಕಿಕೊಟ್ಟ ಕೆಂಪು ನೂಲಿನ ಹೊಲಿಗೆ — ಏನಂದಳು, ಕೆಂಪು ನೂಲು, ಆ ಸೂಜಿಗೆ ದಾರ ಪೋಣಿಸಿದ್ದು ನನ್ನ ಇದೇ ಬೆರಳು, ಕಪ್ಪು ನೂಲು ಮುಗಿದಿತ್ತು, ಕೆಂಪು ಚಂದ ಕಾಣ್ತದೆ ಅಕ್ಕ ಎಂದು ಕಾಲು ಮುಂದೆ ಚಾಚಿ ನಕ್ಕಳಲ್ಲ ವಾರಿಜ, ಅದನ್ನು ಈ ಕೋಡಿಯವರಿಗೆ ಹೇಳಿದ್ದು ಯಾರು, ಅಪ್ಪ ಹೇಳುವವನಲ್ಲ, ಅಮ್ಮ ಕೋಡಿಯವರ ಎದುರು ಬಂದವಳೇ ಅಲ್ಲ, ಟಕ್, ಕೊಡೆ ಅಲ್ಲೇ ಹಿಂದೆ ನಿಂತಿದೆ, ಹೋಗುವನಾ ರಾಜೀ, ಮೋಡ ನೋಡು. ಮೋಡ ನೋಡಲಿಲ್ಲ, ಇವರ ಮುಖ ನೋಡಿದಳು, ಇವರು ಮೊಬೈಲ್ ಶಾಪಿನ ಬೋರ್ಡು ಓದುವ ಹಾಗೆ ಮಾಡಿದರು.

ಮನೆಯ ಮಾತನ್ನು ಮಾರಿದ ಮನುಷ್ಯ, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ, ಇನ್ನೇನೇನು ಹೇಳಿದ್ದಾರೋ, ಇರಲಿ, ಮುಂದೆ ಕೇಳುವ, ಗುಂಪು ನಡೆಯಿತು, ಗುಡ್ಡದ ಬುಡಕ್ಕೆ, ಮುನ್ಸಿಪಾಲಿಟಿ ಶಾಲೆಯ ಗೋಡೆ, ಇದು ಸೆಕೆಂಡ್ ಸ್ಪಾಟ್, ಇಲ್ಲಿ ಹೋಟೆಲ್ ಕೆಲಸದವರಿಗೆ ಕನ್ನಡ ನೈಟ್ ಸ್ಕೂಲ್ ನಡೀತಿತ್ತು, ಸುಮಿತ್ರೆ ಇಲ್ಲಿ ಕಲಿಸ್ತಿದ್ಳು, ಔರ್ ಯಹೀಂ ಪೆ ಆ ಮಾಸ್ತರ್ ಜೊತೆ ಲವ್. ಮಾಸ್ತರ, ಹೌದು, ಚಂದ್ರಾಮ, ಗುಲ್ಬರ್ಗಾ ಕಡೆಯವನು, ಹಗಲು ಬಿಲ್ಡಿಂಗಿನ ಸೆಂಟ್ರಿಂಗ್ ಕೆಲಸ, ಸಂಜೆ ಕೈಕಾಲಿನ ಸಿಮೆಂಟು ತೊಳೆದುಕೊಂಡು ಬಂದು ಪಾಠ, ವಾರಿಜ ಕಲಿಸಲಿಕ್ಕೆ ಹೋಗುವಾಗ ಮಲ್ಲಿಗೆ ಮುಡಿಯುತ್ತಿದ್ದಳು, ಆಗಲೂ ರಾಜೀವಿಗೆ ಅನುಮಾನ ಬಂದಿತ್ತು, ಆದರೆ ಅಪ್ಪನ ಕಿವಿಗೆ ಬಿದ್ದರೆ ಕೊಡಲಿ ಎತ್ತುತ್ತಾನೆ ಎಂದು ಬಾಯಿ ಹೊಲಿದುಕೊಂಡಿದ್ದಳು, ವಾರಿಜ ಹೋದ ವಾರವೇ ಚಂದ್ರಾಮನೂ ಕಾಣಲಿಲ್ಲ, ಕೆಲಸ ಮುಗೀತು ಊರಿಗೆ ಹೋದ ಎಂದು ಹೇಳಿದ್ದು ಯಾರು, ಇವರೇ ಅಲ್ಲವ. ತಡಿ, ತಡಿ, ಇನ್ನೊಂದು ಉಂಟು, ಕುಲೆ ಮದುವೆ, ಕನ್ಯೆಯಾಗಿ ಸತ್ತವಳ ಜೀವ ಅಲೆಯಬಾರದೆಂದು ಅಮ್ಮ ಹಿಡಿದ ಹಟ, ಕಿನ್ನಿಗೋಳಿಯಲ್ಲಿ ಮದುವೆಯಾಗದೆ ಸತ್ತ ಒಬ್ಬ ಹುಡುಗನ ಮನೆಯವರೂ ಒಪ್ಪಿದ್ದರು, ಸತ್ತ ಹೆಣ್ಣಿಗೂ ಸತ್ತ ಗಂಡಿಗೂ ಸೀರೆ ಪಂಚೆ ಇಟ್ಟು ಮದುವೆ ಮಾಡಿಸುವುದು ನಮ್ಮಲ್ಲಿ ಇದ್ದದ್ದೇ, ದಿನವೂ ಗೊತ್ತಾಗಿತ್ತು, ಇವರು ಒಬ್ಬರೇ ಊರಿಗೆ ಹೋಗಿ ಆ ಮನೆಯವರೊಟ್ಟಿಗೆ ಏನು ಹೇಳಿದರೋ, ಮದುವೆ ಮುರಿದು ಬಂದರು, ಅಮ್ಮ ಮೂರು ಹೊತ್ತು ಅನ್ನ ಮುಟ್ಟಲಿಲ್ಲ, ಎಂತಹ ಕಲ್ಲು ಮನಸ್ಸು ನಿಮ್ಮದು ಎಂದು ರಾಜೀವಿ ಅತ್ತಳು, ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಕಲ್ಲು ಮನಸ್ಸೇ ಆಗಿತ್ತೋ. ಮೊನ್ನೆ ಮೊನ್ನೆಯದು ಬೇರೆ, ಹೋದ ತಿಂಗಳು ಗೋರೆಗಾಂವಿಗೆ ಸಂದೀಪನ ಮನೆಗೆ ಹೋಗ್ತೇನೆ ಎಂದು ಹೋದವರು ಎರಡು ದಿನ ಬಿಟ್ಟು ಬಂದರು, ಬಂದವರು ಸೋಫಾದ ಮೇಲೂ ಕೂರದೆ, ಅವಳು ಕೊಟ್ಟ ನೀರನ್ನೂ ಮುಟ್ಟದೆ, ನೇರ ಬಚ್ಚಲಿಗೆ ಹೋಗಿ ಉಟ್ಟ ಬಟ್ಟೆಯನ್ನು ನೆನೆಸಿ ತಲೆಗೆ ಮಿಂದರು, ಆಮೇಲೆ ಸೊಸೆ ನಿಶ್ಮಿತಾ ಫೋನಿನಲ್ಲಿ, ಪಪ್ಪ ಇಲ್ಲಿಗೆ ಬರ್ಲೇ ಇಲ್ಲ ಅತ್ತೆ, ಅಂದಳು, ಓಹೋ, ಈ ವಯಸ್ಸಿಗೆ ಇದೊಂದು ಬಾಕಿ ಇತ್ತು, ಯಾವಳ ವಾಸನೆ ತೊಳೆಯಲಿಕ್ಕೆ ಆ ಸ್ನಾನವೋ ಎಂದು ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ ಅವಳಿಗೆ, ಅದಕ್ಕೆ ಸರಿಯಾಗಿ ಇವರ ಫೋನಿಗೆ ಒಂದು ಹೆಣ್ಣು ದನಿ, ಕಾಕಾ ಅದಾರೇನ್ರೀ, ಯಾರು ನೀವು ಎಂದು ಇವಳು ಗದರಿದ್ದಕ್ಕೆ ಕಟ್, ಗುಲ್ಬರ್ಗಾ ಕಡೆಯ ಮಾತು, ಆದರೆ ದನಿ, ಆ ದನಿ ಎಲ್ಲೋ ಕೇಳಿದ್ದು, ಮೂಗಿನಿಂದ ಸ್ವಲ್ಪ ಎಳೆಯುವ ದನಿ. ಏನು ಯೋಚನೆ, ಕಾಲು ನೋವಾ, ಎಂದರು ಇವರು, ಅಬ್ಬ ಎಷ್ಟು ಕಾಳಜಿ, ಬಾಯಲ್ಲಿ ಬೆಣ್ಣೆ.

ಕೊನೆಯದು ಕೋಳಿವಾಡ ಸ್ಟೇಷನ್ನು, ಈಗಿನ ಹೆಸರು ಬೇರೆ, ಅವಳ ಬಾಯಿಗೆ ಕೋಳಿವಾಡವೇ, ಸೇತುವೆ ಹತ್ತುವಾಗ ಇವರು ಶ್ರೇಯಾಳ ಹತ್ತಿರ ಹೋಗಿ, ಇದೊಂದು ಬಿಡಿ ಮಗಾ, ವಯಸ್ಸಾದವರಿಗೆ ಹತ್ಲಿಕ್ಕೆ ಕಷ್ಟ, ಎಂದದ್ದನ್ನು ಕೇಳಿಸಿಕೊಂಡು ರಾಜೀವಿ ಎಲ್ಲರಿಗಿಂತ ಮೊದಲು ಹತ್ತಿ ನಿಂತಳು, ಓದು ಮಗಳೇ, ನನಗೆ ಎಂತ ಕಷ್ಟ ಇಲ್ಲ, ಕೆಳಗೆ ಹಳಿ, ಮೇಲೆ ತಗಡಿನ ಮೇಲೆ ಸಣ್ಣ ಮಳೆ ಶುರು. ಶ್ರೇಯಾ ಓದಿದಳು, ಟಿಕೀಟು ತೆಗೆದು ಕೊಟ್ಟದ್ದು ಗಲ್ಲೆಯವನು, ಮಾಸ್ತರನು ಕುರ್ಲಾದಲ್ಲಿ ಕಾಯುತ್ತಿದ್ದ, ಅಪ್ಪ ಹುಡುಕಿ ಬಂದೇ ಬರ್ತಾರೆ ಭಾವ ಎಂದಳು ಸುಮಿತ್ರೆ, ಹುಡುಕದ ಹಾಗೆ ನಾನು ಮಾಡ್ತೇನೆ, ನಿನ್ನ ಚಪ್ಪಲಿ ಬಿಚ್ಚು, ಎಂದನು ಅವನು, ತನ್ನ ಕಾಲಿನದನ್ನು ಅವಳಿಗೆ ತೊಡಿಸಿದನು, ಗಂಡಸಿನ ದೊಡ್ಡ ಚಪ್ಪಲಿಯಲ್ಲಿ ಕಾಲು ಜಾರುತ್ತ ಜಾರುತ್ತ ಅವಳು ಲೋಕಲ್ ಹತ್ತಿದಳು, ಕೆಂಪು ನೂಲಿನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಅವನು ಬರಿಗಾಲಲ್ಲಿ ಎದುರು ಪ್ಲಾಟ್‌ಫಾರ್ಮಿಗೆ ಹೋದನು, ಜೆಟ್ಟಿಯ ಕಡೆಯ ಗಾಡಿಗೆ. ಯಾರೋ ವಾಹ್ ಎಂದರು, ಯಾರೋ ಇದು ನಿಜವಾಗಿ ಆದದ್ದಾ ಎಂದರು, ಅರೇ ಕಾದಂಬರಿ ಆಂಟಿ, ಸಬ್ ಇಮ್ಯಾಜಿನೇಷನ್, ಎಂದಳು ಶ್ರೇಯಾ. ಬರಿಗಾಲು — ಆ ಸಂಜೆ, ಮನೆಯೆಲ್ಲ ವಾರಿಜ ಎಲ್ಲಿ ವಾರಿಜ ಎಲ್ಲಿ ಎಂದು ಕೂಗುತ್ತಿರುವಾಗ, ಬಾಗಿಲಲ್ಲಿ ಇವರು, ಕಾಲಿಗೆ ಚಪ್ಪಲಿ ಇಲ್ಲ, ಮೊಣಕಾಲಿನವರೆಗೆ ಕಪ್ಪು ಕೆಸರು, ದೇವಸ್ಥಾನದಲ್ಲಿ ಯಾರೋ ಹಾಕಿಕೊಂಡು ಹೋದ್ರು, ಅಂದರು, ದೇವಸ್ಥಾನದಲ್ಲಿ ಚಪ್ಪಲಿ ಹೋದ್ರೆ ಪೀಡೆ ಹೋದ ಹಾಗೆ ಅಳಿಯಂದ್ರೆ, ಅಂದಳು ಅಮ್ಮ, ಪಾಪ ಅಮ್ಮ, ಕಾಲಿಗೆ ನೀರು ಕೊಟ್ಟದ್ದೂ ಅವಳೇ, ಮಾರನೆಯ ದಿನ ಬೆಳಿಗ್ಗೆ, ಜೆಟ್ಟಿ ಕಡೆಗೊಮ್ಮೆ ನೋಡುವ ಮಾವ, ಎಂದು ಅಪ್ಪನನ್ನು ಕರೆದುಕೊಂಡು ಹೋದದ್ದೂ ಇವರೇ. ಅಯ್ಯೋ ದೇವರೇ, ಹಾಗಾದರೆ, ಬದುಕಿರುವವಳಿಗೆ ಕುಲೆ ಮದುವೆ ಮಾಡಿಸಲಿಕ್ಕಾಗುತ್ತದೆಯೆ, ಬದುಕಿರುವವಳಿಗೆ ಸತ್ತವರ ಸಾಲಿನಲ್ಲಿ ಎಲೆ ಹಾಕಲಿಕ್ಕಾಗುತ್ತದೆಯೆ, ಅದಕ್ಕೆ, ಅದಕ್ಕೆ ಎರಡೇ ಎಲೆ, ಪ್ರತಿ ವರ್ಷ ಎರಡೇ, ಆ ಎಳೆಯುವ ದನಿ ವಾರಿಜನದೇ, ಫೋನಿನಲ್ಲಿ ಕೇಳಿದ್ದು ಅವಳ ಮಗಳಿರಬೇಕು, ಇದ್ದಾಳೆ, ನನ್ನ ವಾರು ಇದ್ದಾಳೆ, ಸಿಟ್ಟು ಬಂತು, ಅಮ್ಮ ಬಾಗಿಲು ನೋಡುತ್ತ ನೋಡುತ್ತ ಸತ್ತಳಲ್ಲ, ಅವಳ ಕಿವಿಯಲ್ಲಾದರೂ ಒಂದು ಮಾತು ಹೇಳಬಾರದಿತ್ತೇ ನೀವು, ಕಟುಕರು, ಆದರೆ ಸಿಟ್ಟಿಗಿಂತ ಮೊದಲು ಸಂತೋಷ, ಎದೆಯೊಳಗೆ ಹಿಡಿಯದಷ್ಟು, ನಾಳೆಯೇ ಗುಲ್ಬರ್ಗಾಕ್ಕೆ ಟಿಕೀಟು ಮಾಡಿಸಬೇಕು, ಬೂತಾಯಿ ಮೀನಿನ ಪುಳಿಮುಂಚಿ ಮಾಡಿ ಡಬ್ಬಿಯಲ್ಲಿ ಒಯ್ಯಬೇಕು, ಆ ಬಯಲುಸೀಮೆಯಲ್ಲಿ ಇಷ್ಟು ವರ್ಷ ಅವಳಿಗೆ ಒಳ್ಳೆ ಮೀನು ಯಾರು ಕೊಟ್ಟಿರುತ್ತಾರೆ, ಮೊದಲು ಒಂದು ಕೆನ್ನೆಗೆ ಬಿಡಬೇಕು, ಆಮೇಲೆ ತಬ್ಬಿಕೊಳ್ಳಬೇಕು.

ಗುಂಪು ಇಳಿದು ಹೋಯಿತು, ಸೇತುವೆಯ ಮೇಲೆ ಇಬ್ಬರೇ, ಅವಳು ಇವರ ಎದುರು ನಿಂತಳು, ಆ ಚಪ್ಪಲಿ ಜೆಟ್ಟಿಯಲ್ಲಿ ಇಟ್ಟದ್ದು ನೀವೇ ಅಲ್ವ. ಇವರು ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹಳಿ ನೋಡುತ್ತಿದ್ದರು, ವಾರಿಜ ಅಳ್ತಿದ್ಲು ರಾಜೀ, ನಿನ್ನ ಅಪ್ಪ ಕೊಂದೇ ಹಾಕ್ತಿದ್ರು, ಯಾರಿಗೂ ಹೇಳುದಿಲ್ಲ ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದೆ, ಕೋಡಿಯವರೊಬ್ಬರಿಗೆ ಹೇಳಿದೆ, ಒಬ್ಬನಿಗೇ ಹೊರ್ಲಿಕ್ಕಾಗ್ಲಿಲ್ಲ, ಅಂದರು, ಅವರು ಬರೀತಾರೆ ಅಂತ ನಾನು ಎಣಿಸ್ಲಿಲ್ಲ. ಆಯಿತು, ಆಯಿತು, ಜಗಳ ಆಮೇಲೆ, ಈಗ ಅವಳ ನಂಬರು ಕೊಡಿ ಎಂದು ಅವಳು ಕೈ ಚಾಚಿದಳು, ನಗೆ ಬರುತ್ತಿತ್ತು, ಇವರು ಆ ಕೈ ಹಿಡಿಯಲಿಲ್ಲ, ಇನ್ನೊಂದು ಕೈಯಲ್ಲಿದ್ದ ಚೀಲ ಹಿಡಿದರು, ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು, ಹೊರಗೆ ಇಣುಕುವ ಎಲೆಗೆ ಮಳೆ ತಾಗದ ಹಾಗೆ ಒಳಗೆ ಸರಿಸಿದರು. ರಾಜೀ, ಅಂದರು, ಈ ಸಲ ಮೂರೂ ಹಾಕುವ. ಮೂರು, ಏನು ಮೂರು, ಯಾರಿಗೆ ಮೂರು, ಹೋದ ತಿಂಗಳು ಎರಡು ದಿನ, ಅವಳು ಕೊಟ್ಟ ನೀರು ಮುಟ್ಟದೆ, ಯಾವುದನ್ನೂ ಮುಟ್ಟದೆ, ಉಟ್ಟ ಬಟ್ಟೆ ನೆನೆಸಿ ತಲೆಗೆ ಮಿಂದರಲ್ಲ, ಸಾವಿನ ಮನೆಯಿಂದ ಬಂದವರು ಮೀಯುವ ಹಾಗೆ, ಹಾಗೇ, ಸರಿಯಾಗಿ ಹಾಗೇ, ಆಗ ಅವಳಿಗೆ ಹೊಳೆಯಲಿಲ್ಲ, ಅಷ್ಟು ಅನುಮಾನದಲ್ಲಿ ಅದೊಂದು ಹೊಳೆಯಲಿಲ್ಲ. ಬೇಡ, ಅಂದಳು, ಚೀಲ ಕಿತ್ತುಕೊಂಡಳು, ಬೇಡ, ಎರಡೇ ಸಾಕು, ಯಾವಾಗಲೂ ಎರಡೇ ಅಲ್ವ, ಹೆಣ ಸಿಗದವರಿಗೆ ಬಡಿಸಬಾರದು ಅಂತ ನೀವೇ ಹೇಳಿದ್ದು, ಎರಡೇ, ಕೆಳಗೆ ಕುರ್ಲಾ ಕಡೆಯ ಲೋಕಲ್ ಬಂತು, ನಿಂತಿತು, ಹೋಯಿತು, ಸುರುಳಿ ಬಿಚ್ಚಿ ಒಂದು ಎಲೆ ಚೀಲದ ಹೊರಗೆ ಜಾರಿದೆ, ಹಸಿರು, ಎಳೆಯದು, ಮೇಲೆ ನೀರು ನಿಂತಿದೆ, ಬಾಡಲಿ, ಫ್ರಿಜ್ಜಿನ ಮೇಲೆ ಬಾಡಲಿ, ಎಲ್ಲಾ ವರ್ಷದ ಹಾಗೆ ಬಾಡಿ ಮುದುಡಿ ಕಸಕ್ಕೆ ಹೋಗಲಿ, ಮೂರನೆಯ ಎಲೆ, ಮೂರನೆಯ ಎಲೆ —