ನವರಂಗದ ಏಕಾದಶಿ

ಲಚ್ಯಾಣದಲ್ಲಿ ನಾನು ಸಿಟ್ಟಿನಿಂದ ಕೆಮ್ಮಿದರೆ ಸಿಂದಗಿಯಲ್ಲಿ ಎಮ್ಮೆಗಳು ಹಗ್ಗ ಹರಿಯುತ್ತವೆ. ಆ ದಶಮಿಯ ದಿನ ನಾನು ಕೆಮ್ಮಲಿಲ್ಲ, ಒದರಿದೆ. ಎಮ್ಮೆಗಳು ಎಲ್ಲಿ ಹೋದವೋ, ಸಿಂದಗಿಯವರನ್ನೇ ಕೇಳಿ.

ಸಿಟ್ಟು ಪಕ್ಕದ ಮನೆಯ ಸುಜಯೀಂದ್ರನ ಮೇಲೆ. ಜೂನಿನ ಮಿರಗದ ಮಳೆಗಾಳಿಗೆ ಸಿಕ್ಕ ನವರಂಗ ಹಕ್ಕಿಯೊಂದು ಅವನ ಕಿಟಕಿಯ ಗಾಜಿಗೆ ಬಡಿದು ಬಿದ್ದಿತ್ತು. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು, ಬಾಲ ಇದ್ದೂ ಇಲ್ಲದ್ದು. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ಕಾಡಿಗೆಯ ಪಟ್ಟಿ, ಬಿಳಿ ಗಂಟಲು, ಸಜ್ಜಕದ ಬಣ್ಣದ ಎದೆ, ಹೊಟ್ಟೆಯ ಕೆಳಗೆ ಕುಂಕುಮ. ಜನ ಒಂಬತ್ತು ಬಣ್ಣ ಎನ್ನುತ್ತಾರೆ, ನಾನು ಎಣಿಸಿದ್ದು ನಲವತ್ತು. ಚಳಿಗಾಲಕ್ಕೆ ದಕ್ಷಿಣದ ಕಾಡು, ಮಳೆಗಾಲಕ್ಕೆ ಉತ್ತರದ ಕಾಡು, ಹಾರುವುದು ಕತ್ತಲಲ್ಲೇ. ನಡುವೆ ದಣಿದು ನಮ್ಮ ಬಯಲಿಗೆ ಇಳಿದರೆ ನನ್ನ ನಿಂಬೆತೋಟಕ್ಕೇ ಇಳಿಯಬೇಕು, ಏಕೆಂದರೆ ನನ್ನ ಗಿಡಗಳ ನೆರಳು ಭೀಮಾನದಿ ದಾಟಿ ಸೊಲ್ಲಾಪುರದ ಮೇಲೆ ಬೀಳುತ್ತದೆ. ಅಲ್ಲಿ ಅದು ಉದುರಿದ ಎಲೆಗಳನ್ನು ಕೊಕ್ಕಿನಿಂದ ಮಗುಚಿ ಗೆದ್ದಲು, ಎರೆಹುಳ ಹೆಕ್ಕುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಕಾಳು ಮುಟ್ಟುವ ಜಾತಿಯೇ ಅಲ್ಲ.

ಸುಜಯೀಂದ್ರ ಅದನ್ನು ಗಿಳಿಯ ಪಂಜರಕ್ಕೆ ಹಾಕಿ ದೇವರಮನೆಯ ಬಾಗಿಲಿಗೆ ತೂಗುಹಾಕಿದ. ನೆನೆದ ಕಡಲೆಬೇಳೆ, ಬಾಳೆಹಣ್ಣು, ಹಾಲು ಇಟ್ಟ. ಹಕ್ಕಿ ಮೂಸಲಿಲ್ಲ. ಮಹಾಶಯನಿಗೆ ಹೊಳೆಯಿತು: ನಾಳೆ ನಿರ್ಜಲ ಏಕಾದಶಿ, ಹಕ್ಕಿ ಇಂದೇ ವ್ರತ ಹಿಡಿದಿದೆ! ಮೊಬೈಲಿನಲ್ಲಿ ಊರೂರಿಗೆ ಫೋಟೊ ಹಾರಿಸಿದ.

ಹುಳ ಹಾಕದಿದ್ದರೆ ಸಾಯುತ್ತದೆ ಎಂದು ಆಗಲೇ ಒದರಿದೆ. ಅವನು ನಕ್ಕ. ತನ್ನ ತೋಟದ ಒಂದು ನಿಂಬೆಹಣ್ಣನ್ನು ನಾಲ್ವರು ಹೊತ್ತು ತಂದರು ಎಂದ ಬಸಂತರಾಯ ನೀನೇ ಅಲ್ಲವೇ ಎಂದು ಎಲ್ಲರೆದುರು ಕೇಳಿದ.

ಏಕಾದಶಿಯ ಬೆಳಿಗ್ಗೆ ಮನಗೂಳಿಯಿಂದ, ಮುದ್ದೇಬಿಹಾಳದಿಂದ ಜನ ಬಂದರು. ಅಂಗಳದ ಚಪ್ಪಲಿ ಗುಡ್ಡವನ್ನು ಬಸ್ಸು ಬಳಸಿಕೊಂಡು ಹೋಗಬೇಕಾಯಿತು. ಹಕ್ಕಿ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಮೂಲೆಯಲ್ಲಿ ಕುಸಿದಿತ್ತು. ನೀರನ್ನೂ ತೆಗೆದಿದ್ದರು. ಧ್ಯಾನದಲ್ಲಿದೆ ಎಂದು ಸುಜಯೀಂದ್ರ ಬಂದವರಿಗೆ ಪಿಸುಗುಡುತ್ತಿದ್ದ. ನನ್ನ ನೆತ್ತಿಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

"ಧ್ಯಾನ ಅಲ್ಲೋ, ಹಸಿವಿ," ಎಂದೆ. "ನೀ ಇವತ್ತ ಉಪಾಸ ಇದ್ದು ನಾಳಿ ಹೋಳಿಗಿ ಹೊಡಿತಿ. ಅದಕ್ಕ ನಾಳಿ ಅನ್ನೂದ ಇಲ್ಲ."

"ಬಸಂತರಾಯ, ಏಕಾದಶಿ ದಿನಾನೂ ನಿನ್ನ ಬಾಯಾಗ ಹುಳಾನೇ ಬರ್ತಾವ ನೋಡು," ಎಂದ. ಮಂದಿ ನಕ್ಕರು.

ಮನೆಗೆ ಹೋಗಿ ನಿಂಬೆಗಿಡದ ಬುಡ ಅಗೆದೆ. ಸಿಕ್ಕ ಎರೆಹುಳಗಳನ್ನು ಹಾವಾಡಿಗ ಕಂಡಿದ್ದರೆ ಬುಟ್ಟಿ ಬಿಟ್ಟು ಓಡುತ್ತಿದ್ದ. ತಲೆಯ ಪಟಕಾದ ಮಡಿಕೆಯಲ್ಲಿ ಅವನ್ನು ಸುತ್ತಿಕೊಂಡು ಮತ್ತೆ ಬಂದೆ. ಪಂಜರದೆದುರು ಭಕ್ತನಂತೆ ಬಾಗಿ ಪಟಕಾ ಬಿಚ್ಚಿದೆ. ಕೊನೆಗೂ ಬಸಂತರಾಯನಿಗೆ ಬುದ್ಧಿ ಬಂತು ಎಂದು ಹಿಂದೆ ಯಾರೋ ಅಂದರು. ಸರಳಿನ ನಡುವೆ ಒಂದು ಹುಳ ತೂರಿಸಿದೆ.

ಹುಳ ಮಿಸುಕಿತು. ಹಕ್ಕಿಯ ಒಂದು ಕಣ್ಣು ತೆರೆಯಿತು. ಎರಡು ಕುಪ್ಪಳಿಕೆ, ಒಂದು ಕುಕ್ಕು, ಹುಳ ಹೊಟ್ಟೆಯಲ್ಲಿ.

ಸುಜಯೀಂದ್ರ ನನ್ನ ಅಂಗಿ ಹಿಡಿದ. ಮಡಿ ಹೋಯಿತು, ವ್ರತ ಹೋಯಿತು, ಮಾನ ಹೋಯಿತು ಎಂದು ಕೂಗಿದ. ನಾನೂ ಕೈ ಎತ್ತಿದ್ದೆ. ಪಂಜರದ ಪಕ್ಕದಲ್ಲಿ ಜಪಮಾಡುತ್ತ ಕೂತಿದ್ದ ಅವನ ತಾಯಿ ಜಾನಕಿಬಾಯಿ ಆಗ ಎದ್ದು ನಿಂತರು.

"ಸುಜಯಾ, ಅದು ಹಸಿದಿತ್ತೋ. ನನ್ನ ಮನ್ಯಾಗ, ದೇವರ ಎದುರಿಗೆ, ಹಸಿದಿತ್ತು." ದನಿ ಏರಿರಲಿಲ್ಲ, ಅವನ ಕೈ ಮಾತ್ರ ನನ್ನ ಅಂಗಿ ಬಿಟ್ಟಿತು. ನನ್ನತ್ತ ತಿರುಗಿದರು. "ಇನ್ನೂ ಹುಳಾ ಅದಾವೇನೋ ಪಟಕಾದಾಗ? ಹಾಕು ಮತ್ತ."

ಹಾಕಿದೆ. ಹಕ್ಕಿ ಎಲ್ಲವನ್ನೂ ತಿಂದು ಗರಿ ಕೊಡವಿತು. ಆ ಮುದುಕಿ ನೀರೂ ಕುಡಿಯದ ಬಾಯಲ್ಲಿ ನನ್ನ ತೋಟದವರೆಗೆ ಪಂಜರ ಹೊತ್ತು ನಡೆದು ತಾವೇ ಬಾಗಿಲು ತೆರೆದರು. ಹಕ್ಕಿ ಇಳಿದು ಎಲೆ ಮಗುಚತೊಡಗಿತು.

ಅವರು ನನ್ನನ್ನು ಹೊಗಳುತ್ತಾರೆಂದು ಕಾಯುತ್ತ ನಿಂತೆ.

"ಆ ಲಿಂಬಿಹಣ್ಣಿನ ಸುದ್ದಿ ಹೇಳದೇ ಇದ್ದಿದ್ರ ನಿನ್ನೆನೇ ನಿನ್ನ ನಂಬತಿದ್ದೆ," ಎಂದು ಖಾಲಿ ಪಂಜರ ನನ್ನ ಕೈಗಿಟ್ಟು ಹೋದರು.

ಸಂಜೆ ಗಿಡದ ಕೆಳಗಿಂದ ಎರಡು ಸ್ವರದ ಸೀಟಿ ಕೇಳಿತು. ಬಸವನ ಬಾಗೇವಾಡಿಯವರೂ ಕೇಳಿಸಿಕೊಂಡಿರಬೇಕು. ನನ್ನ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಆ ನಿಂಬೆಹಣ್ಣನ್ನು ನಾಲ್ವರಲ್ಲದಿದ್ದರೂ ಇಬ್ಬರು ಹೊತ್ತದ್ದಂತೂ ಖರೆ.