ಒಂದು ನೂಕಿಗೆ ಬೀಳುವ ಗೋಡೆ

"ಹಂದಿಗೂಡಿಗೂ ಟೇಪು ಹಿಡೀತೀರಲ್ಲ ಸಾರ್, ನಿಮ್ಮ ಕಾಲೇಜಿನೋರಿಗೆ ಬೇರೆ ಕ್ಯಾಮೆ ಇಲ್ವಾ?" ಎಂದು ಮಲ್ಲಿಕಾರ್ಜುನಪ್ಪ ಟವಲಿನ ತುದಿಯಿಂದ ಮೂಗು ಮುಚ್ಚಿಕೊಂಡ. "ಏಯ್ ಹುಲಿಯಿ, ಎತ್ತೇ ಆ ಮಡಕೆ ಕುಡಿಕೇನ. ಸಾಹೇಬ್ರು ಕಾಲಿಡಬ್ಯಾಡ್ವಾ? ಮನೆಯಂತೆ ಮನೆ! ಸುಡುಗಾಡು ಇದಕ್ಕಿಂತ ವಾಸಿ."

ಹುಲಿಯಮ್ಮ ಮಡಕೆಯನ್ನು ಕಂಕುಳಿಗೆ ಸೇರಿಸಿಕೊಂಡು ಗೋಡೆಗೆ ಅಂಟಿ ನಿಂತಳು. ಜಾಗ ಮಲ್ಲಿಕಾರ್ಜುನಪ್ಪನದು, ಬಾಡಿಗೆ ಮಲ್ಲಿಕಾರ್ಜುನಪ್ಪನದು. ಗೋಡೆ ಮಾತ್ರ ತನ್ನದು ಎಂದು ಅವಳ ಎಣಿಕೆ. ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಈ ಏಳು ಸಾಲುಮನೆ ಏಳುವಾಗ ಗೋಡೆ ಹಾಕಿದವನು ಅವಳ ಗಂಡ ರಂಗಯ್ಯ. ಮಣ್ಣು ಕೊಳೆಹಾಕಿ, ರಾಗಿಹುಲ್ಲು ಸೇರಿಸಿ, ದಿನಗಟ್ಟಲೆ ತುಳಿದು ಹದ ಮಾಡಿಕೊಟ್ಟವಳು ಅವಳು. ರಂಗಯ್ಯ ಮಣ್ಣಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಗೋಡೆ ಒಂದು ಬೆರಳಿನಷ್ಟೂ ವಾಲಿರಲಿಲ್ಲ.

ಬೆಂಗಳೂರಿನ ಕಾಲೇಜಿನಿಂದ ಬಂದವನ ಹೆಸರು ಷಡಕ್ಷರಿ. ಹಳೆಯ ಮಣ್ಣಿನ ಮನೆಗಳನ್ನು ಕೆಡವಿ ಸಿಮೆಂಟಿನಲ್ಲಿ ಕಟ್ಟುವುದು ಒಳ್ಳೆಯದೋ, ಇರುವುದನ್ನೇ ರಿಪೇರಿ ಮಾಡಿ ಇನ್ನೊಂದು ತಲೆಮಾರು ಬಾಳಿಸುವುದು ಒಳ್ಳೆಯದೋ, ಮಾಲೀಕರು ಇದನ್ನು ಹೇಗೆ ತೀರ್ಮಾನಿಸುತ್ತಾರೆ ಎಂಬುದು ಅವನ ಸಂಶೋಧನೆ. ಭಾನುವಾರ ಬಂದು ಏಳೂ ಮನೆ ನೋಡಿ ಬರೆದುಕೊಳ್ಳುತ್ತೇನೆ, ಒಪ್ಪಿಗೆ ಕೊಡಿ ಎಂದ.

"ಧಾರಾಳವಾಗಿ ಬರ್ಕೊಳ್ಳಿ. ಬರ್ದಿದ್ದು ಒಂದು ಕಾಪಿ ನನಗೂ ಕೊಡ್ಬೇಕು, ಅಷ್ಟೇಯ," ಎಂದ ಮಲ್ಲಿಕಾರ್ಜುನಪ್ಪ.

ಆ ಜಾಗದಲ್ಲಿ ಗೋಡೌನು ಎಬ್ಬಿಸಬೇಕೆಂದು ಅವನು ಆರು ವರ್ಷದಿಂದ ಹೆಣಗುತ್ತಿದ್ದ. ತಪ್ಪದೆ ಬಾಡಿಗೆ ಕಟ್ಟುವವರನ್ನು ಎಬ್ಬಿಸಲು ಕೋರ್ಟು ಒಪ್ಪಿರಲಿಲ್ಲ. ಇದು ಷಡಕ್ಷರಿಗೆ ಗೊತ್ತಿರಲಿಲ್ಲ. ಹುಲಿಯಮ್ಮನಿಗೆ ಗೊತ್ತಿತ್ತು, ಆದರೆ ಬೆಂಗಳೂರಿನ ಕಾಗದಕ್ಕೂ ಕೋರ್ಟಿನ ಕಾಗದಕ್ಕೂ ನಂಟಸ್ತನ ಬೆಳೆಯಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಮಾರನೆಯ ದಿನ ಮಂಡಿಯಲ್ಲಿ ಈರುಳ್ಳಿ ಆರಿಸುತ್ತ ಕೂತಾಗ ಪಕ್ಕದ ಮನೆಯ ಕೆಂಚಮ್ಮ ಕೇಳಿದಳು.

"ಅದ್ಯಾತಕ್ಕೆ ಹುಲಿಯಕ್ಕ, ಗೋಡೆ ಬರ್ಕಂಡೋಗ್ತಾನಂತೆ?"

"ಸರ್ಕಾರದೋನು ಕಣೇ. ಇಲ್ದಿದ್ರೆ ನಮ್ಮ ಗೋಡೇನ ಯಾವನ್ ಅಳೀತಾನೆ? ಹೋದ್ ವರ್ಸ ಮಳೇಲಿ ಏನಾಯ್ತು ಗ್ಯಾನ ಐತಾ? ಗೋಡೆ ಬಿದ್ದೋರಿಗೆ ಶೀಟು ಕೊಟ್ರು, ಜನತಾ ಮನೆಗೆ ಹೆಸರು ಬರ್ಕಂಡ್ರು. ನಮ್ಮವು ನಿಂತಿದ್ವು. ನಮಗೇನ್ ಕೊಟ್ರು? ಶಾಟ! ನಿಂತಿರೋ ಗೋಡೆಗೆ ಯಾರೂ ಏನೂ ಕೊಡಲ್ಲ."

"ಅದ್ಕೇ ಅಂತ ಇರೋದ್ನ ಕೆಡ್ಸದಾ? ಸೊಸೆ ಬಾಣ್ತಿ ಅವ್ಳೆ ಕಣಕ್ಕ."

"ಕೆಡ್ಸೋದಲ್ಲ ಕಣೇ, ಕೆಟ್ಟಂಗೆ ಕಾಣ್ಸೋದು. ರಂಗಯ್ಯನ ಹೆಂಡ್ರು ನಾನು. ಎಲ್ ಕೆತ್ತಬೇಕು, ಎಲ್ ಕೆತ್ತಬಾರ್ದು ನಂಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು. ಶನಿವಾರ ಮಧ್ಯಾಹ್ನ ಗಂಡನ ಹಾರೆ ಹಿಡಿದು ಏಳೂ ಮನೆಗೆ ಹೊಕ್ಕಳು. ಮೊದಲ ಏಟಿಗೆ ಹಾರೆ ಹಿಂದಕ್ಕೆ ಚಿಮ್ಮಿ ಅಂಗೈ ಉರಿಯಿತು. ಎರಡು ಗೋಡೆ ಕೂಡುವ ಮೂಲೆಯಲ್ಲಿ, ತೂಕ ಬೀಳದ ಕಡೆ, ಸೂರಿನಿಂದ ಮೊಣಕಾಲೆತ್ತರದವರೆಗೆ ಸೊಟ್ಟಸೊಟ್ಟ ಬಿರುಕು ಕೆತ್ತಿದಳು. ಹೊಸ ಬಿರುಕು ಕೆಂಪಗಿರುತ್ತದೆ, ಕಂಡವರಿಗೆ ತಿಳಿದುಬಿಡುತ್ತದೆ. ಅದಕ್ಕೇ ಒಲೆಯ ಮಸಿ, ಬೂದಿ ಸವರಿ, ಅಟ್ಟದ ಜೇಡರಬಲೆ ತಂದು ಒಳಗೆ ತುರುಕಿದಳು. ನೂರು ವರ್ಷದ ಬಿರುಕಿನಂತೆ ಕಂಡಿತು. ಹಮಾಲಿ ರೇವಣಪ್ಪ ತನ್ನ ಮನೆಯ ಬಿರುಕು ಎಲ್ಲರದಕ್ಕಿಂತ ಸಣ್ಣದಾಯಿತೆಂದು ಜಗಳ ತೆಗೆದು, ಇನ್ನೊಂದು ಗೇಣು ಕೆತ್ತಿಸಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಭಾನುವಾರ ಷಡಕ್ಷರಿ ಒಬ್ಬನೇ ಬಂದ. ಹೊಸಿಲಾಚೆ ಚಪ್ಪಲಿ ಬಿಟ್ಟ. ನೀರು ಕೇಳಿ, ಹುಲಿಯಮ್ಮ ಕೊಟ್ಟ ಚೊಂಬನ್ನು ಕಚ್ಚಿಯೇ ಕುಡಿದ. ತೂಗುಗುಂಡು ಇಳಿಬಿಟ್ಟು, ತಳ ಕೆರೆದು, ಗೋಡೆಯನ್ನು ಅಲ್ಲಲ್ಲಿ ತಟ್ಟಿ ನೋಡಿದ.

"ಅಮ್ಮಾ, ತಳ ಒಣಗಿದೆ. ಗೋಡೆ ನೆಟ್ಟಗಿದೆ. ನನ್ನ ಕಣ್ಣಿಗೆ ಇದು ಗಟ್ಟಿ ಗೋಡೆ. ಈ ಬಿರುಕು ಮಾತ್ರ ಅರ್ಥ ಆಗ್ತಿಲ್ಲ. ಇನ್ನೆಷ್ಟು ವರ್ಷ ನಿಲ್ಲಬಹುದು?"

"ವರ್ಸ ಎಲ್ಲಿಂದ ಬಂತು ಬುದ್ಧಿ? ಒಂದ್ ನೂಕು ನೂಕುದ್ರೆ ಬಿದ್ದೋಯ್ತದೆ."

"ನಿಜವಾ?"

"ನನ್ ಗಂಡ ಹಾಕಿದ್ ಗೋಡೆ. ಮಣ್ಣು ತುಳಿದೋಳು ನಾನು."

ಅವನು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದ. "ಕಟ್ಟಿದವರ ಮಾತಿಗಿಂತ ನನ್ನ ಅಳತೆ ದೊಡ್ಡದಲ್ಲ," ಎಂದ.

ಹುಲಿಯಮ್ಮ ಅವನ ಪೆನ್ನನ್ನೇ ನೋಡಿದಳು. ಐವತ್ತೈದು ವರ್ಷದಲ್ಲಿ ಪೆನ್ನು ಹಿಡಿದವನೊಬ್ಬ ಅವಳ ಮಾತನ್ನು ನಂಬಿದ್ದು ಅದೇ ಮೊದಲು, ಆ ಮಾತೇ ಸುಳ್ಳಾಗಿತ್ತು. ಅವನು ಹೊರಟಾಗ "ಬುದ್ಧಿ" ಎಂದು ಕೂಗಿದಳು. ಅವನು ತಿರುಗಿದ.

"ಬಿಸ್ಲು ಐತೆ. ತಲೆ ಮ್ಯಾಲೆ ಬಟ್ಟೆ ಹಾಕ್ಕಳಿ," ಎಂದಳು.

ದೀಪಾವಳಿ ಕಳೆದ ಮೇಲೆ ಜನತಾ ಮನೆಯ ಕಾಗದ ಬರುತ್ತದೆಂದು ಕಾದವರಿಗೆ ಕೋರ್ಟಿನ ಕಾಗದ ಬಂತು. ಮನೆಗಳು ಶಿಥಿಲವಾಗಿವೆ, ಜೀವಕ್ಕೆ ಅಪಾಯ, ತಿಂಗಳೊಳಗೆ ಖಾಲಿ ಮಾಡಬೇಕು. ಆಧಾರ ಬೆಂಗಳೂರಿನ ವರದಿ; ಏಳಕ್ಕೆ ಏಳೂ ಕೆಡವಬೇಕಾದವು ಎಂದು ಅದರಲ್ಲಿತ್ತು. ಅದರ ಮೇಲೆ ತರೀಕೆರೆಯ ಸರ್ಕಾರಿ ಎಂಜಿನಿಯರೊಬ್ಬ ಅಂಗಳಕ್ಕೂ ಬಾರದೆ ರುಜು ಹಾಕಿದ್ದ.

"ಮುಂಡೇ, ನಿನ್ ಮಾತು ಕೇಳಿ ಮನೆ ಕಳ್ಕಂಡೆ," ಎಂದು ಕೆಂಚಮ್ಮ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡಳು. "ಎಳೇ ಕೂಸು ಎತ್ಕಂಡು ಎಲ್ಗೋಗ್ಲೇ? ನಿನ್ ಕೈಗೆ ಕರೀನಾಗ್ರ ಕಡಿಯಾ! ನಿನ್ ವಂಸ ನಾಸ್ನಾಗಾ!"

ಹುಲಿಯಮ್ಮ ನಿಂತು ಎಲ್ಲ ಕೇಳಿಸಿಕೊಂಡಳು. ಬೈಗುಳ ಒಂದೂ ತಪ್ಪಿರಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ತರೀಕೆರೆಗೆ ಹೋಗಿ ಆ ಎಂಜಿನಿಯರನ ಮೇಜಿನ ಮುಂದೆ ನಿಂತಳು.

"ಸಾಮಿ, ಗೋಡೆ ಗಟ್ಟಿ ಅವೆ. ಬಿರುಕು ನಾನೇ ಕೆತ್ತಿದ್ದು."

"ಹಾಗಾದ್ರೆ ಅವತ್ತು ಸುಳ್ಳು ಹೇಳಿದ್ಯಾ?"

"ಊಂ ಸಾಮಿ."

"ಅವತ್ತು ಸುಳ್ಳು ಹೇಳ್ದೋಳು ಇವತ್ತು ನಿಜ ಹೇಳ್ತೀಯ ಅಂತ ಯಾವನೇ ನಂಬ್ತಾನೆ? ಇನ್ನೊಬ್ಬರ ಆಸ್ತಿ ಒಡೆದಿದ್ದಕ್ಕೆ ಒಳಗೆ ಹಾಕಿಸ್ಲಾ? ಕೈ ತೆಗಿ, ಮೇಜು ಮುಟ್ಬೇಡ."

"ನೀವೇ ಬಂದು ಒಂದ್ ಕಿತ ನೂಕಿ ನೋಡಿ ಸಾಮಿ."

ಜವಾನ ಅವಳ ರಟ್ಟೆ ಹಿಡಿದು ಮೆಟ್ಟಿಲಿನ ಕೆಳಗೆ ಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ.

ಕೆಡವುವ ದಿನ ಕೋರ್ಟಿನ ಅಮೀನ ಬಂದ, ಮಲ್ಲಿಕಾರ್ಜುನಪ್ಪ ಬಂದ. ಊರ ಕೂಲಿಯವರು ಒಪ್ಪದೆ ಕಡೂರಿನಿಂದ ನಾಲ್ಕು ಜನ ಹಾರೆ ಹಿಡಿದು ಬಂದರು. ಪಾತ್ರೆ ಪಗಡ, ಚಾಪೆ, ಕೋಳಿಗೂಡು ಎಲ್ಲ ಅಂಗಳದಲ್ಲಿ ಬಿದ್ದವು. ಕೆಂಚಮ್ಮನ ಸೊಸೆ ಹೊಂಗೆಮರದ ಕೆಳಗೆ ಸೀರೆ ಮರೆ ಮಾಡಿಕೊಂಡು ಕೂಸಿಗೆ ಮೊಲೆ ಕೊಡುತ್ತಿದ್ದಳು. ಹೆಂಚು ಇಳಿಸಿ, ತೊಲೆ ಇಳಿಸಿ, ಗೋಡೆಗೆ ಕೈ ಹಚ್ಚಿದರು. ಎಂಟಕ್ಕೆ ಶುರುವಾದ ಏಟು ಹನ್ನೊಂದಾದರೂ ನಿಲ್ಲಲಿಲ್ಲ. ಹುಲಿಯಮ್ಮನ ಮನೆಯ ಮುಂಗೋಡೆಯಿಂದ ಎರಡು ಬುಟ್ಟಿ ಮಣ್ಣು ಉದುರಿತ್ತು, ಅಷ್ಟೇ.

ಏಳೂ ಮನೆಯವರು ಒಮ್ಮೆ ಗೋಡೆಯ ಕಡೆ, ಒಮ್ಮೆ ಹುಲಿಯಮ್ಮನ ಕಡೆ ನೋಡುತ್ತಿದ್ದರು. ಅವಳು ಕಣ್ಣುಮುಚ್ಚಿ, ಬಿದ್ದುಬಿಡು, ನಿನ್ನ ಕಾಲಿಗೆ ಬೀಳ್ತೀನಿ, ಬಿದ್ದುಬಿಡು ಎಂದು ಗೋಡೆಯನ್ನೇ ಬೇಡಿಕೊಂಡಳು. ಬಿದ್ದರೆ ತನ್ನ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ. ಅಂಥ ಆಸೆ ತನಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಏನೇ ಹುಲಿಯಿ, ಒಂದ್ ನೂಕಿಗೆ ಬೀಳ್ತದೆ ಅಂದಿದ್ಯಲ್ಲ!" ಮಲ್ಲಿಕಾರ್ಜುನಪ್ಪ ಎಲೆಯಡಿಕೆ ಉಗಿದ. "ವರದೀಲಿ ನಿನ್ ಮಾತೇ ಬರ್ದವ್ರೆ. ಬಾ, ನೂಕು. ಬೀಳ್ಸಿದ್ರೆ ಇವರ್ ನಾಲ್ಕು ಜನದ ಕೂಲಿ ನಿಂಗೇಯ."

ಅಮೀನ ನಕ್ಕ. ಕೂಲಿಯವರು ಹಾರೆ ಊರಿಕೊಂಡು ಬೆವರು ಒರೆಸಿಕೊಂಡರು. ಹುಲಿಯಮ್ಮ ಹೋಗಿ ಎರಡೂ ಅಂಗೈ ಗೋಡೆಗೆ ಊರಿ ನೂಕಿದಳು. ನಟನೆಗಲ್ಲ, ನಿಜವಾಗಿಯೇ ನೂಕಿದಳು. ಹೆಗಲು ಕೊಟ್ಟು, ಕಾಲು ಜಾರುವವರೆಗೂ ನೂಕಿದಳು. ಆಮೇಲೆ ತಿರುಗಿ ನಿಂತಳು.

"ಬೀಳಲ್ಲ. ಗಟ್ಟಿ ಐತೆ. ಏಳೂ ಗಟ್ಟಿ ಅವೆ. ಸುಳ್ಳಿ ನಾನು. ಕೇಳ್ರಪ್ಪೋ, ಬಿರುಕು ಕೆತ್ತಿದ್ದು ಈ ಕೈ. ಕೆಂಚಿ, ನಿನ್ ಮೊಮ್ಮಗಾನ ಬೀದಿಗ್ ಹಾಕಿದ್ದು ಈ ಬಾಯಿ. ಮಾಪಿ ಕೇಳಕ್ಕೂ ನಂಗೆ ಮುಖ ಇಲ್ಲ ಕಣೇ."

ಕೆಂಚಮ್ಮ ನೆಲಕ್ಕೆ ಉಗಿದು ಮುಖ ತಿರುಗಿಸಿದಳು.

"ಆಯ್ತಲ್ಲ ನಾಟ್ಕ?" ಎಂದ ಮಲ್ಲಿಕಾರ್ಜುನಪ್ಪ. "ಲೇ, ಲಾರಿ ತರ್ರೋ."

ಮಂಡಿಯ ಲಾರಿ ಹಿಮ್ಮುಖವಾಗಿ ಅಂಗಳಕ್ಕೆ ಬಂತು. ಬಾಗಿಲ ತೂತಿನಿಂದ ಕಿಟಕಿಯ ತೂತಿಗೆ ದಪ್ಪ ಹಗ್ಗ ಸುತ್ತಿ ಲಾರಿಯ ಹಿಂದಕ್ಕೆ ಬಿಗಿದರು. ಅಷ್ಟರಲ್ಲಿ ಹುಲಿಯಮ್ಮ ಅಂಗಳದಲ್ಲಿದ್ದ ಕೆಂಚಮ್ಮನ ಕೊಡ ಎತ್ತಿ, ಉದುರಿದ್ದ ಮಣ್ಣಿನ ಮೇಲೆ ಸುರಿದಳು.

"ಕುಡ್ಯೋ ನೀರು ಕಣೇ ಹಾದರಗಿತ್ತಿ!" ಕೆಂಚಮ್ಮ ಚೀರಿದಳು. ಆದರೆ ಕೊಡ ಕಿತ್ತುಕೊಳ್ಳಲು ಬರಲಿಲ್ಲ.

ಹುಲಿಯಮ್ಮ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದಳು. ಕೊಳೆಹಾಕಿದ ಮಣ್ಣಲ್ಲ, ಹುಲ್ಲಿಲ್ಲ, ಹದವೂ ಬಂದಿರಲಿಲ್ಲ. ಮುದ್ದೆ ಎತ್ತಿ, ತಾನೇ ಕೆತ್ತಿದ ಬಿರುಕಿನ ಮುಂದೆ ಕೂತು, ಮಸಿ, ಜೇಡರಬಲೆ ಎಲ್ಲ ಗೀಚಿ ತೆಗೆದು, ಬೆರಳು ತೂರಿಸಿ ಮೆತ್ತತೊಡಗಿದಳು. ಒಂದು ಮುದ್ದೆ, ಇನ್ನೊಂದು ಮುದ್ದೆ. ಡ್ರೈವರ್ ಕತ್ತು ಹೊರಗೆ ಚಾಚಿ ಮಲ್ಲಿಕಾರ್ಜುನಪ್ಪನ ಮುಖ ನೋಡಿದ.

"ಬತ್ತೀಯೋ ಇಲ್ವೋ ಈಚೆ, ಲೌಡಿ? ಎಳೆಸ್ಬಿಡ್ತೀನಿ!"

ಹುಲಿಯಮ್ಮ ಮೆತ್ತಿದ್ದನ್ನು ಅಂಗೈಯಿಂದ ನಯವಾಗಿ ಸವರಿದಳು.

"ಹಸಿ ಐತೆ ಸಾವ್ಕಾರ್ರೆ. ಒಣಗಕ್ಕೆ ಎಂಟ್ ದಿನ ಬೇಕು. ಒಣಗಿದ್ ಮ್ಯಾಲೆ ಬನ್ನಿ, ನೀವೇ ನೂಕೀರಂತೆ."

ಲಾರಿ ಗುರುಗುಟ್ಟಿತು. ಹಗ್ಗ ನೆಲದಿಂದೆದ್ದು ಬಿಗಿಯಾಯಿತು. ಅವಳು ಬಗ್ಗಿ ಮತ್ತೊಂದು ಮುದ್ದೆ ಮಣ್ಣು ಎತ್ತಿಕೊಂಡಳು.