ಮೇಲಿನ ಷಡ್ಜ

"ಈ ತರೀಕೆರೇಲಿ ಒಂದು ನೆಟ್ಟಗಿನ ವೈರೂ ಸಿಗಲ್ವೇನೇ ಅಕ್ಕ?" ಎನ್ನುತ್ತಾ ದತ್ತಾತ್ರಿ ಮತ್ತೊಂದು ಕೇಬಲ್ಲನ್ನೂ ಕಿತ್ತು ಸೋಫಾದ ಮೇಲೆ ಎಸೆದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆಳಗಿನಿಂದ ಬರುತ್ತಿದ್ದ ಸಾಲೇ ಮತ್ತೆ ಬಂದಿತ್ತು: ಪ್ಲೇಯರನ್ನು ರಿಸ್ಟೋರ್ ಮಾಡಲಾಗಲಿಲ್ಲ, ಗೊತ್ತಿಲ್ಲದ ದೋಷವೊಂದು ಎದುರಾಗಿದೆ. ಹಾಡಿನ ಪ್ಲೇಯರ್ ಟೀಪಾಯಿಯ ಮೇಲೆ ಅಂಗಾತ ಬಿದ್ದಿತ್ತು.

"ಕೆಟ್ಟಿದೆ ಅಂದ್ರೆ ಸರಿ, ಏನು ಕೆಟ್ಟಿದೆ ಅಂತ್ಲೇ ಗೊತ್ತಿಲ್ಲ ಅಂತ ಬರ್ಕೊಳ್ಳೋಕೆ ಇವಕ್ಕೆ ನಾಚಿಕೆಯಾಗ್ಬೇಕು."

ದತ್ತಾತ್ರಿ ಕಡೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಬಂಧುಬಳಗದಲ್ಲಿ ಯಾರ ಮಿಕ್ಸಿ ಕೆಟ್ಟರೂ, ಯಾರ ಟಿವಿ ಕೆಟ್ಟರೂ ಅವನೇ ಬಿಚ್ಚಬೇಕು. ಸರಿಹೋದರೆ ಅದು ಅವನ ವಿದ್ಯೆ. ಸರಿಹೋಗದಿದ್ದರೆ ಆ ವಸ್ತುವಿನ ಯೋಗ್ಯತೆಯೇ ಅಷ್ಟು. ಪ್ಲೇಯರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಕೊಡುತ್ತೇನೆ ಎಂದು ಅಕ್ಕ ಸೀತಾದೇವಿ ಫೋನಿನಲ್ಲಿ ಹೇಳಿದ್ದಕ್ಕೆ, "ಗಾಜು ಅಂಟಿಸೋರ ಕೈಗೆ ಕೊಡ್ತೀಯಾ? ನಾನೇನು ಸತ್ತಿದೀನಾ?" ಎಂದು ಗದರಿ, ಮೊದಲ ಬಸ್ಸಿಗೇ ಹತ್ತಿ ಬಂದಿದ್ದ.

"ಭಾನುವಾರ ಅಜ್ಜಂಪುರದಲ್ಲಿ ಹಾಡಿನ ಸ್ಪರ್ಧೆ ಇದೆ ಕಣೋ. ಪಾಠದ ಮಕ್ಕಳಿಗೆ ಇನ್ನೂ ಕೊನೇ ಚರಣ ಆಗಿಲ್ಲ," ಎಂದರು ಸೀತಾದೇವಿ. ಅವರ ದನಿ ಬಟ್ಟೆ ಹರಿದಂತೆ ಇತ್ತು. ಕೇಳುವವರು ಸ್ವಲ್ಪ ಮುಂದಕ್ಕೆ ಬಾಗಬೇಕಿತ್ತು. ದತ್ತಾತ್ರಿ ಬಾಗುತ್ತಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ತರೀಕೆರೆಯಿಂದ ಕಡೂರಿನವರೆಗೆ ಸೀತಾದೇವಿಯ ಹಾಡಿಲ್ಲದೆ ಸಮಾರಂಭ ಶುರುವಾಗುತ್ತಿರಲಿಲ್ಲ. ಥೈರಾಯ್ಡ್ ಆಪರೇಷನ್ ಆಗಬೇಕು, ದನಿಗೆ ಪೆಟ್ಟಾದರೂ ಆಗಬಹುದು ಎಂದು ಡಾಕ್ಟರು ಹೇಳಿದಾಗ ಮಗಳು ಶ್ರೀಜಾ ತಾಯಿಯನ್ನು ಕೂರಿಸಿ, ಸರಳೆ ವರಸೆಯಿಂದ ಹಿಡಿದು ದೇವರನಾಮಗಳವರೆಗೆ ಎಲ್ಲ ಪಾಠವನ್ನೂ ರೆಕಾರ್ಡ್ ಮಾಡಿಸಿದ್ದಳು. ಒಂದು ಸಾಲು ಹಾಡುವುದು, ಮಕ್ಕಳು ತಿರುಗಿ ಹಾಡಲು ಜಾಗ ಬಿಡುವುದು, ಮತ್ತೆ ಮುಂದಿನ ಸಾಲು. ಡಾಕ್ಟರು ಹೇಳಿದಂತೆಯೇ ಆಯಿತು. ಅಂದಿನಿಂದ ಈ ಮನೆಯ ಪಾಠವೆಲ್ಲ ಆ ಪ್ಲೇಯರಿನಿಂದಲೇ; ಪಕ್ಕದಲ್ಲಿ ಕೂತು ತಾಳ ಹಾಕುವುದಷ್ಟೇ ಸೀತಾದೇವಿಯ ಕೆಲಸ.

ಆಪರೇಷನ್ ಆದ ಮೇಲೆ ಅವರು ಹಾಡಿದ್ದು ಒಂದೇ ಸಲ, ಮೊಮ್ಮಗುವಿನ ನಾಮಕರಣದಲ್ಲಿ. ಪಲ್ಲವಿ ಮುಗಿಯುವ ಮೊದಲೇ ದತ್ತಾತ್ರಿ, "ಸಾಕು ಬಿಡೇ ಅಕ್ಕ, ಮಗು ಬೆಚ್ಚಿಬಿದ್ದೀತು," ಎಂದಿದ್ದ. ಎಲ್ಲರೂ ನಕ್ಕಿದ್ದರು. ಸೀತಾದೇವಿಯೂ ನಕ್ಕು ಹಾಡು ನಿಲ್ಲಿಸಿದ್ದರು.

ದತ್ತಾತ್ರಿ ಲ್ಯಾಪ್‌ಟಾಪ್ ಆರಿಸಿ ಹಚ್ಚಿದ. ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕಿದ. ಇಂಟರ್‌ನೆಟ್ಟನ್ನೂ ಕರೆಂಟನ್ನೂ ತರೀಕೆರೆಯ ಪುರಸಭೆಯನ್ನೂ ಬೈದ. ಕೊನೆಗೆ ಪ್ಲೇಯರಿನ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದು ಬಿಟ್ಟಾಗ ಲ್ಯಾಪ್‌ಟಾಪ್ ಟಣ್ ಎಂದು ಸದ್ದು ಮಾಡಿತು. ಪರದೆಯಲ್ಲಿ ಹಳದಿ ಬಣ್ಣದ ಫೋಲ್ಡರುಗಳು ಒಂದರ ಕೆಳಗೊಂದು ತೆರೆದುಕೊಂಡವು.

ಸೀತಾದೇವಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. "ದತ್ತು, ಅದರೊಳಗೆ ಹಾಡುಗಳು ಇರ್ಬೇಕು ನೋಡು. ಮೊದ್ಲು ಅವನ್ನ ತೆಗೆದು ಎಲ್ಲಾದ್ರೂ ಇಡಕ್ಕಾಗುತ್ತಾ?"

"ಕೆಲಸದ ಮಧ್ಯೆ ತಲೆ ಹಾಕ್ಬೇಡ ಕಣೇ. ತಾಳ ಹಾಕ್ದಷ್ಟು ಸುಲಭ ಅಲ್ಲ ಇದು," ಎಂದು ಅವನು ಫೋಲ್ಡರುಗಳನ್ನು ಮುಚ್ಚಿ ರಿಸ್ಟೋರ್ ಒತ್ತಿದ. ಎಲ್ಲವೂ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಯಂತ್ರ ಕೇಳಿತು. ಪೂರ್ತಿ ಓದದೆಯೇ ಒಪ್ಪಿಕೊಂಡ.

ಈ ಸಲ ದೋಷ ಬರಲಿಲ್ಲ. ನೀಲಿ ಪಟ್ಟಿ ಕೊನೆಯವರೆಗೆ ತುಂಬಿಕೊಂಡಿತು. ಪ್ಲೇಯರಿನ ಪರದೆ ಬೆಳಗಿ, ಯಾವ ಭಾಷೆ ಬೇಕೆಂದು ಕೇಳಿತು.

"ನೋಡು! ಅಂಗಡಿಗೆ ಕೊಡ್ತೀನಿ ಅಂತಿದ್ದೆ!"

ಸೀತಾದೇವಿ ಅದನ್ನು ಕೈಗೆ ತೆಗೆದುಕೊಂಡು ಹಾಡುಗಳ ಪಟ್ಟಿ ಒತ್ತಿದರು. ಹಿಂದಕ್ಕೆ ಹೋಗಿ ಮತ್ತೆ ಒತ್ತಿದರು. "ಏನೂ ಇಲ್ವಲ್ಲೋ."

"ರಿಸ್ಟೋರ್ ಅಂದ್ರೆ ಅದೇ. ಬೇರೆ ಕಡೆ ಒಂದು ಕಾಪಿ ಇಟ್ಕೊಂಡಿರ್ತಾರೆ, ಬುದ್ಧಿ ಇರೋರು."

"ಶ್ರೀಜಾನ ಕಂಪ್ಯೂಟರಲ್ಲಿ ಇತ್ತು. ಅದನ್ನ ಗುಜರಿಗೆ ಹಾಕಿ ಯಾವ ಕಾಲ ಆಯ್ತು."

ದತ್ತಾತ್ರಿ ಕೇಬಲ್ ಸುತ್ತತೊಡಗಿದ. "ಅದಕ್ಕೆ ನಾನೇನ್ಮಾಡ್ಲಿ? ಮೊಬೈಲಲ್ಲಿ ಹುಡುಕಿದ್ರೆ ಅದೇ ಹಾಡುಗಳನ್ನ ನಿನಗಿಂತ ಚೆನ್ನಾಗಿ ಹಾಡಿರೋರು ಬೇಕಾದಷ್ಟು ಜನ ಸಿಗ್ತಾರೆ. ಯಂತ್ರ ಸರಿ ಮಾಡು ಅಂದೆ, ಸರಿ ಮಾಡಿದೀನಿ."

ಸೀತಾದೇವಿ ತಮ್ಮನನ್ನು ನೋಡಿದರು. ಸಣ್ಣವನಿದ್ದಾಗ ಇವನು ಬೇರೆಯವರ ಬುಗುರಿ ಒಡೆದು ಮರ ಸರಿಯಿಲ್ಲ ಎನ್ನುತ್ತಿದ್ದ. ಅಳು ಬರುತ್ತದೆಂದು ಕಾದರು, ಬರಲಿಲ್ಲ. ಅದರ ಬದಲು ಬಂದದ್ದು ತಣ್ಣಗಿನ ಹೇಸಿಗೆ, ನಲ್ಲಿಯ ಕೆಳಗೆ ಕಟ್ಟಿದ ಪಾಚಿಗೆ ಕೈ ತಾಗಿದಾಗ ಆಗುವಂಥದ್ದು.

ಗೇಟಿನ ಸದ್ದಾಯಿತು. ಪಾಠದ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆ ಹಾಸಿಕೊಂಡು ಕೂತರು. "ಮಿಸ್, ಪ್ಲೇಯರ್ ಸರಿಹೋಯ್ತಾ?" ಎಂದು ದೊಡ್ಡ ಹುಡುಗಿ ಪ್ರಜ್ಞಾ ಕೇಳಿದಳು.

"ಹೊಸದರ ಥರ ಆಗಿದೆ," ಎಂದ ದತ್ತಾತ್ರಿ.

ಸೀತಾದೇವಿ ಪ್ಲೇಯರನ್ನು ಕಿಟಕಿಯ ಕಟ್ಟೆಗೆ ಇಟ್ಟು ಶ್ರುತಿಪೆಟ್ಟಿಗೆ ಹಚ್ಚಿದರು. ಮಕ್ಕಳ ಎದುರು ಕಾಲು ಮಡಿಸಿ ಕೂತು, ಗಂಟಲು ಸರಿಮಾಡಿಕೊಂಡು, ಕೊನೆಯ ಚರಣದ ಮೊದಲ ಸಾಲು ಹಿಡಿದರು. ದನಿ ಮೆಟ್ಟಿಲು ಹತ್ತುವವರಂತೆ ತಡವರಿಸುತ್ತ ಏರಿತು. ಮೇಲಿನ ಷಡ್ಜಕ್ಕೆ ಬಂದಾಗ ಒಡೆದು, ಬರೀ ಉಸಿರಾಗಿ, ಕೆಳಗಿನ ಸ್ವರದಲ್ಲಿ ಮತ್ತೆ ಕೂಡಿಕೊಂಡಿತು.

"ಅಕ್ಕ, ಬೇಡ ಕಣೇ. ಮಕ್ಕಳ ಮುಂದೆ ಯಾಕೆ..."

"ದತ್ತು, ಎದ್ದು ಹೋಗು."

"ನಿನ್ನ ಒಳ್ಳೇದಕ್ಕೇ..."

"ಕಾಫಿ ಕುಡಿದಾಯ್ತಲ್ಲ. ಕಡೂರಿನ ಬಸ್ಸು ಹೊರಡೋ ಹೊತ್ತು. ಹೋಗು." ದನಿ ಎತ್ತರದ್ದಲ್ಲ. ಆದರೂ ಅವನು ಮುಂದಕ್ಕೆ ಬಾಗದೆಯೇ ಅದು ಕೇಳಿಸಿತು.

ಅವನು ಬ್ಯಾಗು ಹೆಗಲಿಗೇರಿಸಿ, ಯಾರಾದರೂ ತಡೆಯುತ್ತಾರೇನೋ ಎಂಬಂತೆ ಹೊಸ್ತಿಲಲ್ಲಿ ನಿಂತ. ಯಾರೂ ಅವನತ್ತ ನೋಡಲಿಲ್ಲ. ಗೇಟು ತೆರೆದುಕೊಂಡು ಹೋದ.

"ಹೇಳಿ," ಎಂದರು ಸೀತಾದೇವಿ.

ಪ್ರಜ್ಞಾ ಹಿಡಿದಳು, ಉಳಿದವರು ಸೇರಿಕೊಂಡರು. ಎಳೆಯ ದನಿಗಳು ನಿರಾಯಾಸವಾಗಿ ಏರಿ, ಮೇಲಿನ ಷಡ್ಜಕ್ಕೆ ಬಂದವು. ಅಲ್ಲಿ, ಕಲಿಸಿದ ಹಾಗೆಯೇ, ಎಲ್ಲವೂ ಒಟ್ಟಿಗೆ ಒಡೆದು, ಉಸಿರಾಗಿ, ಕೆಳಗಿನ ಸ್ವರದಲ್ಲಿ ಮತ್ತೆ ಕೂಡಿಕೊಂಡವು. ತಿದ್ದಲೆಂದು ಸೀತಾದೇವಿ ಬಾಯಿ ತೆರೆದರು. ಮಕ್ಕಳು ಶ್ರದ್ಧೆಯಿಂದ ಅವರನ್ನೇ ನೋಡುತ್ತಿದ್ದರು. ಅವರು ತುಟಿ ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದರು.